ಸಭೆಯ ಮೌನಕ್ಕೂ ಹೊಣೆಯುಂಟು

ಕುರುಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಭೀಷ್ಮನು ಧರ್ಮವು ಸೂಕ್ಷ್ಮವೆಂದು ಹೇಳಿ ನುಣುಚಿಕೊಂಡನು. ಧೃತರಾಷ್ಟ್ರನ ಮಕ್ಕಳಲ್ಲಿ ಎದ್ದು ನುಡಿದವನು ವಿಕರ್ಣನೊಬ್ಬನೇ. ಅವನನ್ನು ಬಾಲಕನೆಂದು ಜರೆದು ಕರ್ಣನು ಬಾಯಿ ಮುಚ್ಚಿಸಿದನು. ಆ ಸಭೆಯನ್ನು ಪುರಾಣಕ್ಕೆ ಸೇರಿದುದೆಂದು ಬದಿಗಿಡುವಂತಿಲ್ಲ.

1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು, ರಾಜನಾರಾಯಣರ ಅರ್ಜಿಯ ಮೇಲೆ, ಇಂದಿರಾ ಗಾಂಧಿಯವರ 1971ರ ರಾಯ್‌ಬರೇಲಿ ಆಯ್ಕೆಯನ್ನು ಅಸಿಂಧುಗೊಳಿಸಿದರು. ಚುನಾವಣೆಗೆ ಸರ್ಕಾರಿ ನೌಕರರ ನೆರವು ಪಡೆದರೆಂಬುದು ಕಾರಣ. ಆರು ವರ್ಷಗಳ ಅನರ್ಹತೆ ಫಲ. ತಪ್ಪು ಅಲ್ಪ, ಶಿಕ್ಷೆ ಅಧಿಕ ಎಂಬ ವಾದಕ್ಕೆ ಎಡೆಯಿತ್ತು, ನಿಜ. ಆದರೆ ಅದನ್ನು ಮಂಡಿಸಬೇಕಾದ ಸ್ಥಳ ಸರ್ವೋಚ್ಚ ನ್ಯಾಯಾಲಯ. ಮೇಲ್ಮನವಿ ಇತ್ಯರ್ಥವಾಗುವವರೆಗೆ ನಾಯಕಿ ಪದವಿಯಲ್ಲಿ ಮುಂದುವರಿಯಬಹುದೇ ಎಂಬುದಷ್ಟೇ ಪಕ್ಷದ ಮುಂದಿದ್ದ ಪ್ರಶ್ನೆ. ಜೂನ್ 18ರಂದು ಸೇರಿದ ಕಾಂಗ್ರೆಸ್ ಸಂಸದೀಯ ಪಕ್ಷವು ಅದನ್ನು ಕೇಳಲೇ ಇಲ್ಲ. ಅವರ ನಾಯಕತ್ವ ದೇಶಕ್ಕೆ ಅನಿವಾರ್ಯವೆಂದು ನಿರ್ಣಯಿಸಿ ಚದುರಿತು.

25ರ ರಾತ್ರಿ ತುರ್ತುಪರಿಸ್ಥಿತಿ ಬಂದಿತು. ಮರುದಿನ ಬೆಳಗ್ಗೆ ಸೇರಿದ ಸಚಿವ ಸಂಪುಟಕ್ಕೆ ಉಳಿದಿದ್ದ ಕೆಲಸ ಆಗಿಹೋದುದಕ್ಕೆ ಒಪ್ಪಿಗೆ ಕೊಡುವುದು ಮಾತ್ರ. ಪಕ್ಷದೊಳಗಿದ್ದುಕೊಂಡೇ ಭಿನ್ನಮತ ನುಡಿಯುತ್ತಿದ್ದ ಚಂದ್ರಶೇಖರರು ಸೆರೆಮನೆ ಸೇರಿದರು. ಜಗಜೀವನ ರಾಮರು ಲೋಕಸಭೆಯಲ್ಲಿ ಅನುಮೋದನೆಯ ನಿರ್ಣಯವನ್ನು ತಾವೇ ಮಂಡಿಸಿ, 1977ರ ಫೆಬ್ರವರಿಯಲ್ಲಿ, ಚುನಾವಣೆ ಘೋಷಣೆಯಾದ ಮೇಲೆ, ಪಕ್ಷ ತೊರೆದರು. ಆ ನಿರ್ಗಮನವನ್ನು ಧೈರ್ಯವೆನ್ನುವವರು ನಡುವಣ ಹತ್ತೊಂಬತ್ತು ತಿಂಗಳುಗಳಿಗೆ ಏನೆಂದು ಹೆಸರಿಡುವರು?

ಮೌನವನ್ನು ನಿಷ್ಠೆಯೆಂದು ಸಮರ್ಥಿಸುವುದುಂಟು. ಆದರೆ ಆ ನಿಷ್ಠೆ ನಾಯಕಿಯನ್ನೂ ಕಾಯಲಿಲ್ಲ. 1977ರಲ್ಲಿ ಅವರು ಅದೇ ರಾಯ್‌ಬರೇಲಿಯಲ್ಲಿ ಸೋತರು. ಅಮೆರಿಕದಲ್ಲಿ 1974ರ ಆಗಸ್ಟ್ 7ರಂದು ಬ್ಯಾರಿ ಗೋಲ್ಡ್‌ವಾಟರ್, ಹ್ಯೂ ಸ್ಕಾಟ್, ಜಾನ್ ರೋಡ್ಸ್ ಎಂಬ ಮೂವರು ಸ್ವಪಕ್ಷೀಯರು ಅಧ್ಯಕ್ಷ ನಿಕ್ಸನ್‌ರನ್ನು ಕಂಡು, ಸಂಸತ್ತಿನಲ್ಲಿ ಬೆಂಬಲ ಉಳಿದಿಲ್ಲವೆಂದು ತಿಳಿಸಿದರು. ಮರುದಿನವೇ ನಿಕ್ಸನ್ ರಾಜೀನಾಮೆ ಘೋಷಿಸಿದರು. ಅವರೂ ತಡಮಾಡಿದವರೇ, ಧ್ವನಿಸುರುಳಿಯ ಸಾಕ್ಷ್ಯ ಬಯಲಾಗುವವರೆಗೆ ಕಾದವರೇ. ಆದರೂ ಹೋಗಿ ಎದುರಿಗೆ ನಿಂತು ಹೇಳಿದರು.

ಇಂದಿನವರಿಗೆ 1985ರ ಪಕ್ಷಾಂತರ ನಿಷೇಧ ಕಾನೂನು ಹೊಸ ನೆಪವಾಗಿದೆ. ಸದನದ ಮತದಾನಕ್ಕೆ ಅದು ಪಕ್ಷದ ಆದೇಶವನ್ನು ಕಡ್ಡಾಯಗೊಳಿಸಿದೆ, ನಿಜ. ಪಕ್ಷದ ಒಳಸಭೆಯಲ್ಲಿ ನಾಯಕನನ್ನು ಪ್ರಶ್ನಿಸಕೂಡದೆಂದು ಎಲ್ಲಿಯೂ ವಿಧಿಸಿಲ್ಲ. ಅಲ್ಲಿ ನಾಲಿಗೆಯನ್ನು ಕಟ್ಟಿರುವುದು ಮುಂದಿನ ಚುನಾವಣೆಯ ಟಿಕೆಟ್ಟು. ಅದನ್ನು ಧರ್ಮಸೂಕ್ಷ್ಮವೆಂದು ಕರೆಯುವುದು ಭೀಷ್ಮನಿಗೂ ಅವಮಾನ.