ಮೂರು ವಾರದ ಮೇಷ್ಟ್ರು

ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಹತ್ತು ಹದಿನೈದು ಫಾರಿನ್ ಹುಡುಗ ಹುಡುಗಿಯರು, ಮುಂದೆ ಒಬ್ಬ ಮೇಷ್ಟ್ರು. ಪ್ರವಾಸಿಗಳು ಅಂತ ಬೆಲೆ ಏರಿಸುವ ಮೊದಲು ತಡೀರಿ ಸ್ವಾಮಿ, ಅದು ತರಗತಿಯೂ ಆಗಿರಬಹುದು!

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಅಧ್ಯಾಪಕರು ಚಳಿಗಾಲದ ರಜೆಯಲ್ಲಿ ‘ಇಂಡಿಯಾ ವಿಂಟರಿಂ’ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಮೂರು ವಾರ ಭಾರತಕ್ಕೆ ಕರೆತಂದು ಪಾಠ ಹೇಳಿದ್ದುಂಟು. ಇಂಥ ಕೋರ್ಸಿನಲ್ಲಿ ಮೇಷ್ಟ್ರ ಪಾಡು ಸುಲಭದ್ದಲ್ಲ. ಬೆಳಿಗ್ಗೆ ಪಾಠ, ಮಧ್ಯಾಹ್ನ ಬಸ್ಸಿನ ಲೆಕ್ಕ, ರಾತ್ರಿ ಹೊಟ್ಟೆ ಕೆಟ್ಟ ಹುಡುಗನಿಗೆ ಡಾಕ್ಟರ ಹುಡುಕಾಟ. ಅವರನ್ನು ಹಂಗಿಸುವುದು ತರವಲ್ಲ.

ನಮ್ಮ ತಕರಾರು ಬೇರೆ. ಅವರೇನೋ ನಮ್ಮನ್ನು ನೋಡಿ ಕಲಿತು ಹೋಗುತ್ತಾರೆ. ನಮ್ಮ ಹುಡುಗರಿಗೆ ಏನು ಸಿಕ್ಕಿತು? ಹೋಟೆಲಿನವರಿಗೆ ನಾಲ್ಕು ಕಾಸು, ಅಷ್ಟೆ!

ದಾರಿ ಇದೆ. ಊಟಿ ಆಚೆಯ ಕೋಟಗಿರಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯವೂ ಅಲ್ಲಿನ ಕೀಸ್ಟೋನ್ ಸಂಸ್ಥೆಯೂ ಸೇರಿ 2015ರಲ್ಲಿ ಆರಂಭಿಸಿದ ಕೋರ್ಸಿನಲ್ಲಿ ಅಮೆರಿಕದ ವಿದ್ಯಾರ್ಥಿಗಳ ಪಕ್ಕದಲ್ಲೇ ನೀಲಗಿರಿಯ ಆದಿವಾಸಿ ಯುವಕರೂ ಕೂತು ಕಲಿತರು. ಅದು ಮೂರು ವಾರದ್ದಲ್ಲ, ಒಂದು ಸೆಮಿಸ್ಟರಿನದು, ನಿಜ. ಆದರೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಲು ಸೆಮಿಸ್ಟರೇ ಬೇಕೆ?

ನಮ್ಮ ಕಾಲೇಜಿನವರು ಬಾಯಿಬಿಟ್ಟು ಕೇಳಲಿ: ‘ಬನ್ನಿ ಮೇಷ್ಟ್ರೇ, ನಮ್ಮ ಹುಡುಗರನ್ನೂ ಕೂರಿಸಿಕೊಳ್ಳಿ.’ ಕೇಳೋದಕ್ಕೆ ನಾಚಿಕೆ ಯಾಕೆ?