ರಸ್ತೆ ಅಗಲವಾದರೆ ಸಾಲದು, ಬಸ್ಸೂ ಸಮಯಕ್ಕೆ ಬರಬೇಕು

ಕತಗಾಲದಿಂದ ಕುಮಟಾಕ್ಕೆ ಹೋಗುವ ಶಿರಸಿ ರಸ್ತೆ ಇಂದು ರಾಷ್ಟ್ರೀಯ ಹೆದ್ದಾರಿ 766ಇ. ಕರಾವಳಿಯ ಹೆದ್ದಾರಿ 66ರಲ್ಲಿ ಚತುಷ್ಪಥದ ಕಾಮಗಾರಿ ನಡೆದು ವರ್ಷಗಳಾದವು. ಆದರೂ ಬೆಳಗಿನ ಹೊತ್ತು ಕುಮಟಾದ ಗಿಬ್ ಸರ್ಕಲ್ಲನ್ನು ದಾಟುವುದು ಸುಲಭವಲ್ಲ. ರಸ್ತೆ ಅಗಲವಾದಂತೆ ವಾಹನಗಳೂ ಹೆಚ್ಚುತ್ತವೆ. ಐವತ್ತು ಜನರನ್ನು ಒಂದು ಬಸ್ಸು ಒಯ್ಯಬಲ್ಲದು. ಅವರೇ ಬೈಕು ಕಾರುಗಳಲ್ಲಿ ಹೊರಟರೆ ರಸ್ತೆ ತುಂಬಿಹೋಗುತ್ತದೆ. ಆದ್ದರಿಂದ ಪ್ರಶ್ನೆ ರಸ್ತೆಯ ಅಗಲದ್ದಷ್ಟೇ ಅಲ್ಲ, ಜನರು ಬಸ್ಸನ್ನು ಏಕೆ ಬಿಟ್ಟರು ಎಂಬುದು.

ನನ್ನ ಅಭಿಪ್ರಾಯದಲ್ಲಿ ಉತ್ತರ ಸರಳ: ಬಸ್ಸನ್ನು ನಂಬಲಾಗುವುದಿಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಟಿಕೆಟ್ಟಿನ ಖರ್ಚು ಉಳಿಯಿತು. ಆದರೆ ಕಾಲೇಜಿನ ವೇಳೆಗೆ ಬಸ್ಸೇ ಬಾರದಿದ್ದರೆ, ಬಂದರೂ ಕಾಲಿಡಲು ಜಾಗವಿಲ್ಲದಿದ್ದರೆ, ಉಚಿತವೆಂಬುದಕ್ಕೆ ಅರ್ಥವೇನು? ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಮಗಳು ಮನೆಗೆ ಬರುವುದು ಹೇಗೆಂಬ ಚಿಂತೆಯಲ್ಲೇ ಓದು ನಿಲ್ಲಿಸಿದ ಮನೆಗಳನ್ನು ನಾನು ಬಲ್ಲೆ. ಹುಡುಗರಾದರೆ ಸಾಲ ಮಾಡಿ ಬೈಕು ಕೊಳ್ಳುತ್ತಾರೆ; ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿದಾಗ ಅದೇ ರಸ್ತೆಯಲ್ಲಿ ನೀರಿಗಿಳಿಯುತ್ತಾರೆ.

ಹುಬ್ಬಳ್ಳಿ–ಧಾರವಾಡದ ನಡುವೆ ಇಪ್ಪತ್ತೆರಡು ಕಿಲೋಮೀಟರಿನಷ್ಟು ದೂರ ಚಿಗರಿ ಬಸ್ಸುಗಳಿಗಾಗಿ ಪ್ರತ್ಯೇಕ ಪಥವನ್ನೇ ಮಾಡಿದರು. ನಮ್ಮ ಇಕ್ಕಟ್ಟಾದ ಕರಾವಳಿಗೆ ಅದು ಹೊಂದುವುದಿಲ್ಲ. ಅಲ್ಲಿಂದ ಕಲಿಯಬೇಕಾದ ಪಾಠ ಬೇರೆ: ಒಂದು ಹೋದರೆ ಇನ್ನೊಂದು ಬರುತ್ತದೆಂಬ ಭರವಸೆಯಿದ್ದರೆ ಜನರು ಬಸ್ಸು ಹತ್ತುತ್ತಾರೆ. ವಾಯವ್ಯ ಸಾರಿಗೆ ಸಂಸ್ಥೆಯವರು ದೊಡ್ಡ ಬಸ್ಸುಗಳ ಬದಲು ಸಣ್ಣ ಬಸ್ಸುಗಳನ್ನೇ, ಶಾಲಾ ಕಾಲೇಜು ಕಚೇರಿಗಳ ವೇಳೆಗೆ ಸರಿಯಾಗಿ, ಕತಗಾಲ–ಕುಮಟಾ ನಡುವೆ ಮೇಲಿಂದ ಮೇಲೆ ಓಡಿಸಲಿ.

ಎರಡನೆಯದು ರೈಲು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ ಭಟ್ಕಳ, ಮುರ್ಡೇಶ್ವರ, ಮಂಕಿ, ಹೊನ್ನಾವರ, ಕುಮಟಾ, ಮಿರ್ಜಾನ್‌ಗಳನ್ನು ಹೆದ್ದಾರಿಯ ಆಸುಪಾಸಿನಲ್ಲೇ ಪೋಣಿಸಿದೆ. 2022ರಲ್ಲಿ ವಿದ್ಯುದೀಕರಣವೂ ಮುಗಿಯಿತು. 1999ರಿಂದ ಲಾರಿಗಳನ್ನೇ ರೈಲಿನ ಮೇಲೇರಿಸಿ ಸಾಗಿಸಿದ ಸಂಸ್ಥೆಗೆ ಭಟ್ಕಳ–ಕಾರವಾರ ನಡುವೆ ಬೆಳಿಗ್ಗೆ ಸಂಜೆ ಒಂದೊಂದು ಮೆಮು ರೈಲನ್ನು ಓಡಿಸುವುದು ಅಸಾಧ್ಯವೇ? ನಮ್ಮಲ್ಲಿರುವುದು ಒಂದೇ ಹಳಿ, ದೂರದ ಗಾಡಿಗಳಿಗೆ ದಾರಿ ಬಿಡಬೇಕು ಎಂಬ ಅಡಚಣೆ ನಿಜ. ಆದರೆ ಹಗಲೆಲ್ಲ ಓಡಿಸಬೇಕೆಂದು ನಾವು ಕೇಳುತ್ತಿಲ್ಲ. ಎರಡು ಹೊತ್ತಿನ ಸೌಕರ್ಯ ಸಾಕು. ಜೊತೆಗೆ ರೈಲು ಬರುವ ವೇಳೆಗೆ ನಿಲ್ದಾಣದೆದುರು ಬಸ್ಸು ನಿಂತಿರಬೇಕು. ಇಲ್ಲವಾದರೆ ರೈಲಿನಲ್ಲಿ ಉಳಿಸಿದ ದುಡ್ಡು ರಿಕ್ಷಾಕ್ಕೆ ಹೋಗುತ್ತದೆ.

ನಷ್ಟವಾಗುತ್ತದೆ ಎನ್ನುವವರಿಗೆ ಒಂದು ಮಾತು. ಬಸ್ಸಿನ ನಷ್ಟವನ್ನು ಮಾತ್ರ ಲೆಕ್ಕ ಹಿಡಿದು, ಅಪಘಾತದಲ್ಲಿ ಹೋದ ಜೀವಗಳನ್ನೂ ನಿಂತುಹೋದ ಓದನ್ನೂ ಬಿಟ್ಟರೆ ಆ ಲೆಕ್ಕ ತಪ್ಪು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಪಂಚಾಯಿತಿಯಲ್ಲಿದ್ದೀರಿ, ಸರ್ಕಾರಿ ಕಚೇರಿಗಳಲ್ಲಿದ್ದೀರಿ. ಊರಿನ ಗ್ರಾಮಸಭೆಯಲ್ಲಿ ಯಾವ ವೇಳೆಗೆ ಎಷ್ಟು ಮಕ್ಕಳಿಗೆ ಬಸ್ಸು ಬೇಕೆಂಬ ಪಟ್ಟಿಯೊಂದನ್ನು ಮಾಡಿ ಡಿಪೋಕ್ಕೆ ಮುಟ್ಟಿಸಿರಿ. ಬರಿಯ ದೂರಿಗಿಂತ ಅಂಕಿ ಸಂಖ್ಯೆಯ ಅರ್ಜಿಗೆ ತೂಕ ಹೆಚ್ಚು.