ಹಗಲಿನ ಬಿಸಿಲೂ ಸಂಜೆಯ ದೀಪವೂ

ಸರಸ್ವತಿಪುರಂ ಮನೆಗಳ ಮಹಡಿಗಳ ಮೇಲೆ ಸೌರಫಲಕಗಳು ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿಯೇ ಸರಿ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ನಾಡು, ಪಾವಗಡದಲ್ಲಿ 2050 ಮೆಗಾವಾಟ್ ಸೌರಸ್ಥಾವರವನ್ನು ಸ್ಥಾಪಿಸಿ ತನ್ನ ಹೆಸರನ್ನು ಉಳಿಸಿಕೊಂಡಿದೆ. ಆದರೆ ಫಲಕಗಳನ್ನು ಎಣಿಸಿ ಹಿಗ್ಗುವವರಿಗೆ ನಾವು ಒಂದು ಮಾತನ್ನು ಹೇಳಬೇಕಾಗಿದೆ.

ವಿದ್ಯುಜ್ಜಾಲದಲ್ಲಿ ಉತ್ಪತ್ತಿಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿತೂಗಬೇಕು. ಸೆಕೆಂಡಿಗೆ 50 ಆವರ್ತಗಳೆಂಬ ತಾಳವು ತಪ್ಪಕೂಡದು. ಶರಾವತಿಯ ಭಾರಿ ಯಂತ್ರಗಳು ತಾವು ತಿರುಗುವ ರಭಸದಿಂದಲೇ ಆ ತಾಳವನ್ನು ಹಿಡಿದಿಡುತ್ತವೆ. ತಿರುಗುವ ಚಕ್ರವಿಲ್ಲದ ಫಲಕಕ್ಕೆ ಆ ಗುಣವು ಸಹಜವಲ್ಲ.

ಜಾಲ ಕುಸಿದರೆ ಆಗುವುದೇನೆಂಬುದನ್ನು 2012ರ ಜುಲೈ ತಿಂಗಳು ತೋರಿಸಿತು. ಉತ್ತರ, ಪೂರ್ವ, ಈಶಾನ್ಯ ಪ್ರಾಂತಗಳು ಕತ್ತಲಲ್ಲಿ ಮುಳುಗಿದುವು. ದಕ್ಷಿಣದ ಜಾಲವು ತನ್ನದೇ ತಾಳದಲ್ಲಿ ದ್ವೀಪದಂತೆ ಬೇರೆಯಾಗಿದ್ದುದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗವು ಆ ದ್ವೀಪತ್ವವನ್ನು ಕೊನೆಗಾಣಿಸಿತು. ಈಗ ನೆರವಿನಲ್ಲಿಯೂ ಪಾಲುಂಟು, ಅಪಾಯದಲ್ಲಿಯೂ ಪಾಲುಂಟು. ಜಾಲವು ನಿಂತರೆ ಬ್ಯಾಟರಿಯಿಲ್ಲದ ಸಾಮಾನ್ಯ ಮಹಡಿಘಟಕವೂ, ತಂತಿ ದುರಸ್ತಿಯವರ ಪ್ರಾಣರಕ್ಷಣೆಗಾಗಿ, ನಡುಹಗಲಿನ ಬಿಸಿಲಿನಲ್ಲಿಯೇ ನಿಂತುಬಿಡುವುದೆಂಬುದನ್ನು ಮನೆಯ ಯಜಮಾನರಲ್ಲಿ ಎಷ್ಟು ಮಂದಿ ಬಲ್ಲರು?

ಇನ್ನು ಸಂಜೆಯ ಮಾತು. ಫಲಕಗಳು ಮಲಗುವ ಹೊತ್ತಿಗೇ ಮನೆಮನೆಯ ದೀಪಗಳು ಹತ್ತುತ್ತವೆ. ಆ ಕೊರತೆಯನ್ನು ತುಂಬಲು ಶರಾವತಿಯ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಮತ್ತೆ ಇಳಿಸುವ 2000 ಮೆಗಾವಾಟ್ ಯೋಜನೆಯು ಪ್ರಸ್ತಾಪವಾಗಿದೆ. ಸಿಂಗಳೀಕಗಳ ಕಾಡನ್ನು ಅಗೆಯುವ ಮುನ್ನ ನಗರಗಳ ಉಪಕೇಂದ್ರಗಳಲ್ಲಿ ಬ್ಯಾಟರಿಗಳನ್ನೇಕೆ ಇಡಬಾರದು? ಮಹಡಿಯ ಫಲಕಕ್ಕೆ ಸಹಾಯಧನ ಕೊಡುತ್ತಿರುವ ಸರ್ಕಾರದವರು ಮನೆಯ ಬ್ಯಾಟರಿಗೂ ಅದನ್ನು ವಿಸ್ತರಿಸಬೇಕೆಂದು ನಾವು ಒತ್ತಿ ಕೇಳುತ್ತೇವೆ.